ಇಪ್ಪತ್ತು ಸೆಕೆಂಡಿನ ತಾಳ, ಸಾವಿರ ಹಾಡು: ಬಾರಿಸಿದ ಕೈಗೆ ಸಿಕ್ಕಿದ್ದೇನು?

ಹಾಡು ಶುರುವಾಗಿ ಐದೂವರೆ ನಿಮಿಷ ಆಗಿದೆ. ಗಿಟಾರ್, ಬೇಸ್, ಸ್ಯಾಕ್ಸೋಫೋನ್ ಎಲ್ಲ ಒಂದೇ ಗುಂಗಿನಲ್ಲಿ ಸುತ್ತುತ್ತಿವೆ. ಆಗ ಅಮೆರಿಕದ ಗಾಯಕ ಜೇಮ್ಸ್ ಬ್ರೌನ್ ಮಾತಾಡಲು ಶುರು ಮಾಡುತ್ತಾರೆ. ಹಾಡುವುದಲ್ಲ, ಮಾತು. ಈಗ ಡ್ರಮ್ಮರ್‌ಗೆ ಸ್ವಲ್ಪ ಜಾಗ ಬಿಡೋಣ ಅನ್ನುತ್ತಾರೆ. ಆಮೇಲೆ ಡ್ರಮ್ಮರ್ ಕಡೆ ತಿರುಗಿ, ನೀನು ಸೋಲೋ ಗೀಲೋ ಏನೂ ಬಾರಿಸಬೇಡ, ಈಗ ಏನು ಬಾರಿಸ್ತಾ ಇದ್ದೀಯೋ ಅದನ್ನೇ ಹಿಡಿದುಕೊಂಡು ಹೋಗು ಅಂತ ಹೇಳುತ್ತಾರೆ. ಎಣಿಕೆ ಹಾಕುತ್ತಾರೆ. ಉಳಿದವರೆಲ್ಲ ನಿಲ್ಲಿಸುತ್ತಾರೆ.

ಡ್ರಮ್ ಒಂದೇ ಉಳಿಯುತ್ತದೆ. ಎಂಟು ಆವರ್ತ, ಸುಮಾರು ಇಪ್ಪತ್ತು ಸೆಕೆಂಡು.

ಆ ಹಾಡಿನ ಹೆಸರು ‘ಫಂಕಿ ಡ್ರಮ್ಮರ್’. ಬಾರಿಸಿದವರು ಕ್ಲೈಡ್ ಸ್ಟಬಲ್‌ಫೀಲ್ಡ್. ಈ ಹೆಸರು ನೀವು ಕೇಳಿರಲಿಕ್ಕಿಲ್ಲ. ಆದರೆ ಕಳೆದ ನಲವತ್ತು ವರ್ಷದಲ್ಲಿ ಬಂದ ಅಮೆರಿಕದ ಪಾಪ್ ಅಥವಾ ರ‍್ಯಾಪ್ ಒಂದಿಷ್ಟು ಕೇಳಿದ್ದರೂ ಅವರ ಕೈಯ ಸದ್ದು ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ. ಆ ಇಪ್ಪತ್ತು ಸೆಕೆಂಡನ್ನು ಕತ್ತರಿಸಿ ತೆಗೆದು ಬಳಸಿಕೊಂಡ ಹಾಡುಗಳು ಸಾವಿರಕ್ಕೂ ಜಾಸ್ತಿ. ಅದಕ್ಕಾಗಿ ಸ್ಟಬಲ್‌ಫೀಲ್ಡ್‌ಗೆ ಕಾನೂನಿನ ಪ್ರಕಾರ ಬರಬೇಕಾದ ರಾಯಲ್ಟಿ ಎಷ್ಟು ಗೊತ್ತಾ? ಸೊನ್ನೆ.

ಯಾರೋ ಒಬ್ಬರು ಮೋಸ ಮಾಡಿದ್ದರಿಂದ ಹೀಗಾಗಲಿಲ್ಲ. ಹಾಗಾಗಿದ್ದರೆ ಇದು ಒಬ್ಬ ಮನುಷ್ಯನ ದುಃಖದ ಕತೆಯಾಗಿ ಮುಗಿದು ಹೋಗುತ್ತಿತ್ತು. ಕಾನೂನೇ ಹಾಗಿತ್ತು. ಇವತ್ತು ಕೃತಕ ಬುದ್ಧಿಮತ್ತೆ ಲಕ್ಷಗಟ್ಟಲೆ ಹಾಡು ಕೇಳಿ ಹೊಸ ಹಾಡು ಹೊಸೆಯುವಾಗ ಅದೇ ಪ್ರಶ್ನೆ ಮತ್ತೆ ಎದ್ದಿದೆ. ಅದಕ್ಕೇ ಈ ಹಳೇ ಹಾಡನ್ನು ಈಗ ಬಿಚ್ಚಿ ನೋಡಬೇಕು ಅನ್ನಿಸಿತು.

ಮೊದಲು ತಾಳವನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಮೇಜಿನ ಮೇಲೆ ಕೈ ಇಡಿ. ತಕಧಿಮಿ ತಕಧಿಮಿ ತಕಧಿಮಿ ತಕಧಿಮಿ ಅಂತ ಒಂದೇ ಓಟದಲ್ಲಿ ಹೇಳಿಕೊಳ್ಳಿ. ಹದಿನಾರು ಅಕ್ಷರ ಆಯಿತಲ್ವಾ? ಅದೇ ಈ ತಾಳದ ಒಂದು ಆವರ್ತ. ಸ್ಟಬಲ್‌ಫೀಲ್ಡ್ ಅವರ ಬಲಗೈ ಈ ಹದಿನಾರನ್ನೂ ಹೈ-ಹ್ಯಾಟ್ ಎಂಬ ಜೋಡಿ ತಾಳದ ಮೇಲೆ ಬಿಡದೆ ಬಾರಿಸುತ್ತದೆ. ಮೊದಲನೇ ‘ತ’ಕ್ಕೆ ಕಾಲಿನ ಡ್ರಮ್ ಬೀಳುತ್ತದೆ. ಬ್ರೌನ್ ಅವರ ಇಡೀ ಸಂಗೀತ ನಿಂತಿರುವುದೇ ಆ ಮೊದಲ ಪೆಟ್ಟಿನ ಮೇಲೆ. ಅವರ ಬಳಗ ಅದನ್ನು ‘ದ ಒನ್’ ಅಂತಲೇ ಕರೆಯುತ್ತಿತ್ತು. ಎರಡನೇ ಮತ್ತು ನಾಲ್ಕನೇ ‘ತ’ಕ್ಕೆ ಸ್ನೇರ್ ಡ್ರಮ್ ಮೇಲೆ ಚಟೀರನೆ ಪೆಟ್ಟು.

ಇಷ್ಟಾದರೆ ಇದು ಯಾರಾದರೂ ಬಾರಿಸಬಹುದಾದ ತಾಳ. ಚೆಲುವಿರುವುದು ನಡುವೆ. ಎಡಗೈ ಕೋಲು ಸ್ನೇರ್ ಮೇಲೆ ಸುಮ್ನೆ ಇರುವುದಿಲ್ಲ. ‘ಕ’ ಮತ್ತು ‘ಮಿ’ ಬರುವ ಕೆಲವು ಜಾಗಗಳಲ್ಲಿ ಚರ್ಮವನ್ನು ಸವರಿದ ಹಾಗೆ ಮುಟ್ಟಿ ಬರುತ್ತದೆ. ಡ್ರಮ್ಮರ್‌ಗಳು ಇವಕ್ಕೆ ಘೋಸ್ಟ್ ನೋಟ್ ಅನ್ನುತ್ತಾರೆ. ಇದೆ ಅಂತ ಗೊತ್ತಾಗುತ್ತದೆ, ಆದರೆ ಎಣಿಸಲು ಹೋದರೆ ಕೈಗೆ ಸಿಗುವುದಿಲ್ಲ. ಜೋರು ಪೆಟ್ಟಿಗೂ ಈ ಪಿಸುಮಾತಿಗೂ ಇರುವ ಅಂತರದಲ್ಲೇ ಈ ತಾಳದ ಉಸಿರಿದೆ. ಮೃದಂಗದ ಎಡ ಮುಖದಲ್ಲಿ ಗುಮಕಿ ಕೊಡುವವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಕಾಗದದ ಮೇಲೆ ಒಂದೇ ಥರ ಕಾಣುವ ಎರಡು ಪೆಟ್ಟು, ಕೈಯಲ್ಲಿ ಬೇರೆ ಬೇರೆ.

ನಾನು ಈ ಹಾಡನ್ನು ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ಕೇಳಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಎಂಟು ಆವರ್ತದ ಸಂಯಮ. ನಮ್ಮ ಸಂಗೀತ ಕಚೇರಿಯಲ್ಲಿ ತನಿ, ಅಂದರೆ ತಾಳವಾದ್ಯ ಒಂದೇ ನುಡಿಸುವ ಸರದಿ, ಬಿಟ್ಟರೆ ಮೃದಂಗದವರು ಕಲಿತದ್ದೆಲ್ಲ ತೆಗೆದು ಹಾಸುತ್ತಾರೆ, ಅದು ಬೇರೆ ಸುಖ. ಇಲ್ಲಿ ಇಡೀ ಬ್ಯಾಂಡ್ ಜಾಗ ಬಿಟ್ಟುಕೊಟ್ಟರೂ ಆತ ಒಂದು ಪೆಟ್ಟೂ ಹೆಚ್ಚಿಗೆ ಹಾಕುವುದಿಲ್ಲ. ಅದೇ ನಡೆ, ಅದೇ ತೂಕ. ಹದಿನಾರು ವರ್ಷದ ನಂತರ ಯಂತ್ರಗಳಿಗೆ ಬೇಕಾದದ್ದೂ ಅದೇ: ಕತ್ತರಿಸಲು ಬರುವ, ಮೇಲೆ ಬೇರೆ ಯಾವ ವಾದ್ಯವೂ ಅಂಟಿಕೊಂಡಿರದ, ತನ್ನಷ್ಟಕ್ಕೆ ತಾನು ತಿರುಗುವ ಒಂದು ಚಕ್ರ.

ಸ್ಟಬಲ್‌ಫೀಲ್ಡ್ ಹುಟ್ಟಿದ್ದು 1943ರಲ್ಲಿ, ಟೆನೆಸಿ ರಾಜ್ಯದ ಚಟನೂಗಾದಲ್ಲಿ. ಯಾವ ಗುರುವಿನ ಹತ್ತಿರವೂ ಕಲಿತವರಲ್ಲ. ಊರಿನ ಕಾರ್ಖಾನೆಗಳು ಉಸಿರು ಬಿಡುವ ಸದ್ದು, ರೈಲು ಹಳಿ ಮೇಲೆ ಹೋಗುವ ಸದ್ದು ಕೇಳುತ್ತ ತಾಳ ಹಿಡಿದೆ ಅಂತ ಹೇಳಿಕೊಳ್ಳುತ್ತಿದ್ದರು. ಬ್ರೌನ್ ತಂಡಕ್ಕೆ ಸೇರಿದ್ದು 1965ರಲ್ಲಿ. ಅಲ್ಲಿ ಹೋಗಿ ನೋಡಿದರೆ ವೇದಿಕೆ ಮೇಲೆ ಆಗಲೇ ಐದು ಡ್ರಮ್ ಸೆಟ್ ಸಾಲಾಗಿ ಇಟ್ಟಿತ್ತಂತೆ. ಕೊನೆಗೆ ಗಟ್ಟಿಯಾಗಿ ಉಳಿದವರು ಇಬ್ಬರು, ಇವರು ಮತ್ತು ಜಾನ್ ‘ಜಾಬೋ’ ಸ್ಟಾರ್ಕ್ಸ್. ಮಟ್ಟಿಗಿಂತ ತಾಳವೇ ಮುಂದಿರುವ ಫಂಕ್ ಸಂಗೀತ ಅಂದರೆ ಇಂಥದ್ದು ಅಂತ ಜಗತ್ತಿಗೆ ತೋರಿಸಿದ ‘ಕೋಲ್ಡ್ ಸ್ವೆಟ್’ 1967ರಲ್ಲಿ ಬಂತಲ್ಲ, ಅದರ ಡ್ರಮ್ ಕೂಡ ಸ್ಟಬಲ್‌ಫೀಲ್ಡ್ ಅವರದೇ.

ಬ್ರೌನ್ ತಂಡದಲ್ಲಿ ಶಿಸ್ತು ಅಂದರೆ ಶಿಸ್ತು. ಒಂದು ಸ್ವರ ತಪ್ಪಿದರೆ ದಂಡ. ಬಟ್ಟೆ ಸುಕ್ಕಾಗಿದ್ದರೂ ದಂಡ. ಹಾಡುತ್ತ ಕುಣಿಯುತ್ತಲೇ ಬೆರಳು ತೋರಿಸಿ ದಂಡ ಎಷ್ಟು ಅಂತ ಸನ್ನೆ ಮಾಡುತ್ತಿದ್ದರು. ಆದರೆ ತಾಳವನ್ನು ಹೀಗೇ ಬಾರಿಸು ಅಂತ ಯಾರೂ ಹೇಳಿಕೊಡಲಿಲ್ಲ ಅನ್ನುವುದು ಸ್ಟಬಲ್‌ಫೀಲ್ಡ್ ಅವರ ಮಾತು. ಅವರು ಕೂತು ಏನೋ ಒಂದು ನಡೆ ಹಿಡಿಯುತ್ತಿದ್ದರು. ಬೇಸ್‌ನವರು ಸೇರಿಕೊಳ್ಳುತ್ತಿದ್ದರು, ಆಮೇಲೆ ಗಿಟಾರ್. ಕೊನೆಗೆ ಬ್ರೌನ್ ಬಂದು ಅದರ ಮೇಲೆ ಮಾತು ಕಟ್ಟುತ್ತಿದ್ದರು. ಎಷ್ಟೋ ಫಂಕ್ ಹಾಡುಗಳು ಹುಟ್ಟಿದ್ದೇ ಹೀಗೆ, ತಾಳದಿಂದ ಮೇಲಕ್ಕೆ.

1969ರ ನವೆಂಬರ್ 20ರಂದು ಓಹಾಯೋದ ಸಿನ್ಸಿನಾಟಿಯಲ್ಲಿ, ಕಿಂಗ್ ರೆಕಾರ್ಡ್ಸ್ ಸ್ಟುಡಿಯೋದಲ್ಲಿ ಈ ಹಾಡು ದಾಖಲಾಯಿತು. ಬೇಸ್ ಚಾರ್ಲ್ಸ್ ಶೆರೆಲ್, ಸ್ಯಾಕ್ಸೋಫೋನ್ ಮೇಸಿಯೋ ಪಾರ್ಕರ್. ಬರೆದಿಟ್ಟ ಸಾಹಿತ್ಯ ಅಂತ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಹಾಡಿನ ನಡುವೆ ಬ್ರೌನ್ ಅವರೇ ಖುಷಿ ತಡೆಯಲಾರದೆ ಈ ಹಾಡಿನ ಹೆಸರು ‘ಫಂಕಿ ಡ್ರಮ್ಮರ್’ ಅಂತ ಘೋಷಿಸಿಬಿಡುತ್ತಾರೆ. ಅಲ್ಲೇ ಸಿಕ್ಕ ಹೆಸರು ಅದು. 1970ರ ಮಾರ್ಚ್‌ನಲ್ಲಿ ಎರಡು ಭಾಗವಾಗಿ ಸಿಂಗಲ್, ಅಂದರೆ ಒಂದೇ ಹಾಡಿನ ಸಣ್ಣ ರೆಕಾರ್ಡ್, ಬಂದಾಗ ಅದೇ ಹೆಸರು ಅಚ್ಚಾಯಿತು. ಹೆಸರು ಡ್ರಮ್ಮರ್‌ನದು. ಕೃತಿ ಯಾರದ್ದು ಅಂತ ಬರೆಯುವ ಜಾಗದಲ್ಲಿ ಇದ್ದದ್ದು ಜೇಮ್ಸ್ ಬ್ರೌನ್ ಒಬ್ಬರೇ.

ಆಗ ಇದು ಅಂಥ ದೊಡ್ಡ ಹಿಟ್ ಏನೂ ಆಗಲಿಲ್ಲ. ಬಿಲ್‌ಬೋರ್ಡ್ ಪಾಪ್ ಪಟ್ಟಿಯಲ್ಲಿ 51ರವರೆಗೆ ಹೋಯಿತು, ಆರ್‌ಆಂಡ್‌ಬಿ (ರಿದಮ್ ಆಂಡ್ ಬ್ಲೂಸ್) ಪಟ್ಟಿಯಲ್ಲಿ 20. ಸ್ಟಬಲ್‌ಫೀಲ್ಡ್ ಅವರಿಗೂ ಈ ಹಾಡು ಅಷ್ಟೇನೂ ಇಷ್ಟ ಇರಲಿಲ್ಲ. ಅದೇ ಮಾರ್ಚ್‌ನಲ್ಲಿ ಬ್ಯಾಂಡಿನ ಬಹಳಷ್ಟು ಜನ ಸಂಬಳ ಜಾಸ್ತಿ ಮಾಡಿ ಅಂತ ಪಟ್ಟು ಹಿಡಿದು ಹೊರಗೆ ಹೋದರು. ಬ್ರೌನ್ ವಿಮಾನ ಕಳಿಸಿ ಸಿನ್ಸಿನಾಟಿಯಿಂದ ಹೊಸ ಹುಡುಗರನ್ನು ಕರೆಸಿಕೊಂಡರು. ದುಡ್ಡಿನ ಜಗಳ ಆಗಲೇ ಇತ್ತು ಅನ್ನುವುದು ಇದರಿಂದ ಗೊತ್ತಾಗುತ್ತದೆ. 1971ರ ಹೊತ್ತಿಗೆ ಸ್ಟಬಲ್‌ಫೀಲ್ಡ್ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ಗೆ ಬಂದು ನೆಲೆಸಿದರು. ಅಲ್ಲೇ ಕ್ಲಬ್ಬುಗಳಲ್ಲಿ ಬಾರಿಸುತ್ತ, ವರ್ಷಗಟ್ಟಲೆ ಪ್ರತಿ ಸೋಮವಾರ ರಾತ್ರಿ ತಮ್ಮ ಬ್ಯಾಂಡ್ ಜೊತೆ ಕಾರ್ಯಕ್ರಮ ಕೊಡುತ್ತ ಇದ್ದುಬಿಟ್ಟರು.

ಈ ನಡುವೆ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಬೇರೆಯೇ ಒಂದು ಆಟ ಶುರುವಾಗಿತ್ತು. ಜಮೈಕಾದಿಂದ ಬಂದ ಡಿಜೆ ಕೂಲ್ ಹರ್ಕ್ ಒಂದು ವಿಷಯ ಗಮನಿಸಿದ್ದರು. ಹಾಡಿನಲ್ಲಿ ಡ್ರಮ್ ಮಾತ್ರ ಉಳಿಯುವ ಜಾಗ ಬಂದಾಗಲೇ ಜನ ಹುಚ್ಚೆದ್ದು ಕುಣಿಯುತ್ತಿದ್ದರು. ಸರಿ, ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು ಆ ಜಾಗವನ್ನೇ ಒಂದಾದ ಮೇಲೆ ಒಂದು ಹಾಕತೊಡಗಿದರು. 1973ರ ಆಗಸ್ಟ್ 11ರಂದು ಸೆಡ್ಜ್‌ವಿಕ್ ಅವೆನ್ಯೂದ ಒಂದು ಕಟ್ಟಡದಲ್ಲಿ ಅವರ ತಂಗಿ ಇಟ್ಟುಕೊಂಡ ಪಾರ್ಟಿಯನ್ನು ಹಿಪ್‌ಹಾಪ್‌ನ ಹುಟ್ಟುಹಬ್ಬ ಅಂತ ಇವತ್ತು ಲೆಕ್ಕ ಹಾಕುತ್ತಾರೆ. ಡ್ರಮ್ ಮಾತ್ರ ಉಳಿಯುವ ಆ ಜಾಗಕ್ಕೆ ಬ್ರೇಕ್ ಅಂತ ಹೆಸರು ಬಂತು.

ಎಂಬತ್ತರ ದಶಕದಲ್ಲಿ ಸ್ಯಾಂಪ್ಲರ್ ಯಂತ್ರಗಳು ಬಂದವು. ಕೈಯಲ್ಲಿ ಎರಡು ರೆಕಾರ್ಡ್ ತಿರುಗಿಸುವ ಬದಲು ಬ್ರೇಕನ್ನು ಯಂತ್ರದೊಳಗೆ ತುಂಬಿಸಿ, ಗುಂಡಿ ಒತ್ತಿ ಬಾರಿಸಬಹುದಿತ್ತು. 1987ರಲ್ಲಿ ಬಂದ ಎಸ್‌ಪಿ-1200 ಎಂಬ ಯಂತ್ರದಲ್ಲಿ ಒಟ್ಟು ಹತ್ತು ಸೆಕೆಂಡಿನಷ್ಟು ಸದ್ದು ಹಿಡಿಯುತ್ತಿತ್ತು, ಅಷ್ಟೇ. ಅದಕ್ಕೆ ಹುಡುಗರು ಒಂದು ಉಪಾಯ ಮಾಡಿದರು. ನಿಮಿಷಕ್ಕೆ 33 ಸುತ್ತಿನ ರೆಕಾರ್ಡನ್ನು 45ರ ವೇಗದಲ್ಲಿ ಓಡಿಸಿ ಒಳಗೆ ತುಂಬಿಸುವುದು, ಆಮೇಲೆ ಯಂತ್ರದಲ್ಲಿ ನಿಧಾನ ಮಾಡುವುದು. ಜಾಗ ಉಳಿಯಿತು. ಸದ್ದಿಗೆ ಸ್ವಲ್ಪ ಒರಟುತನ ಬಂತು. ಆ ಒರಟೇ ಆ ಕಾಲದ ಹಿಪ್‌ಹಾಪ್‌ನ ಬಣ್ಣ ಆಯಿತು.

‘ಫಂಕಿ ಡ್ರಮ್ಮರ್’ ಅಲ್ಲಿಯವರೆಗೆ ಯಾವ ಆಲ್ಬಂನಲ್ಲೂ ಇರಲಿಲ್ಲ. 1986ರಲ್ಲಿ ‘ಇನ್ ದ ಜಂಗಲ್ ಗ್ರೂವ್’ ಎಂಬ ಸಂಕಲನದಲ್ಲಿ ಒಂಬತ್ತು ನಿಮಿಷದ ಪೂರ್ತಿ ಹಾಡು ಬಂತು. ಅದರ ಜೊತೆಗೆ ಡ್ಯಾನಿ ಕ್ರಿವಿಟ್ ಎಂಬ ಡಿಜೆ ಆ ಬ್ರೇಕನ್ನೇ ಸುತ್ತಿ ಸುತ್ತಿ ಮೂರು ನಿಮಿಷದಷ್ಟು ಉದ್ದ ಮಾಡಿದ ಇನ್ನೊಂದು ತುಂಡೂ ಇತ್ತು. ಸ್ಯಾಂಪ್ಲರ್ ಇಟ್ಟುಕೊಂಡವರಿಗೆ ತಟ್ಟೆಯಲ್ಲಿ ಇಟ್ಟು ಕೊಟ್ಟ ಹಾಗಾಯಿತು.

ಆಮೇಲೆ ನಡೆದದ್ದು ಒಂದು ಪ್ರವಾಹ. ಪಬ್ಲಿಕ್ ಎನಿಮಿ ತಂಡದ 1989ರ ‘ಫೈಟ್ ದ ಪವರ್’ನಲ್ಲಿ ಈ ತಾಳ ಇದೆ. ಅಷ್ಟೇ ಅಲ್ಲ, ಹಾಡಿನ ಸಾಹಿತ್ಯದಲ್ಲೂ ಫಂಕಿ ಡ್ರಮ್ಮರ್‌ನ ಹೆಸರು ಬರುತ್ತದೆ. ಎಲ್‌ಎಲ್ ಕೂಲ್ ಜೆ, ಎನ್‌ಡಬ್ಲ್ಯೂಎ, ಎರಿಕ್ ಬಿ ಮತ್ತು ರಕಿಮ್, ಎಲ್ಲರೂ ಬಳಸಿದರು. ರ‍್ಯಾಪ್ ದಾಟಿ ಪಾಪ್‌ಗೂ ಹೋಯಿತು. ಜಾರ್ಜ್ ಮೈಕಲ್ ಬಳಸಿದರು. ಐರ್ಲೆಂಡಿನ ಸಿನೇಡ್ ಓಕಾನರ್ 1990ರಲ್ಲಿ ‘ಐ ಆ್ಯಮ್ ಸ್ಟ್ರೆಚ್ಡ್ ಆನ್ ಯುವರ್ ಗ್ರೇವ್’ ಎಂಬ ಶೋಕಗೀತೆಯನ್ನು ಹಾಡಿದರು. ಅದು ಐರಿಷ್ ಭಾಷೆಯ ಹಳೆಯ ಪದ್ಯವೊಂದರ ಅನುವಾದ. ಅದರ ಕೆಳಗೆ ಓಡುತ್ತಿರುವುದೂ ಈ ತಾಳವೇ. ಸಿಟ್ಟಿನ ಹಾಡಿಗೂ ಒಗ್ಗಿತು, ಸಾವಿನ ಹಾಡಿಗೂ ಒಗ್ಗಿತು. ಆ ಎಡಗೈಯ ಪಿಸುಮಾತು ಎಲ್ಲಿಟ್ಟರೂ ಬದುಕುತ್ತಿತ್ತು.

ಈಗ ದುಡ್ಡಿನ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು.

ಒಂದು ಧ್ವನಿಮುದ್ರಿತ ಹಾಡಿನಲ್ಲಿ ಎರಡು ಆಸ್ತಿ ಇರುತ್ತವೆ. ಒಂದು, ಕೃತಿ. ಅಂದರೆ ಮಟ್ಟು ಮತ್ತು ಸಾಹಿತ್ಯ. ಅದು ಬರೆದವರಿಗೆ ಸೇರುತ್ತದೆ. ಇನ್ನೊಂದು, ಧ್ವನಿಮುದ್ರಣ. ಅದು ಸಾಮಾನ್ಯವಾಗಿ ದುಡ್ಡು ಹಾಕಿದ ಕಂಪನಿಗೆ ಸೇರುತ್ತದೆ. ಸ್ಯಾಂಪಲ್ ಮಾಡುವವರು ಇಬ್ಬರಿಂದಲೂ ಅನುಮತಿ ಪಡೆದು ಇಬ್ಬರಿಗೂ ಹಣ ಕೊಡಬೇಕು. ‘ಫಂಕಿ ಡ್ರಮ್ಮರ್’ ವಿಷಯದಲ್ಲಿ ಕೃತಿ ಬ್ರೌನ್ ಅವರದ್ದು, ಧ್ವನಿಮುದ್ರಣ ಕಂಪನಿಯದ್ದು. ಜನ ಕತ್ತರಿಸಿಕೊಂಡದ್ದು ಬ್ರೌನ್ ಹಾಡದೇ ಇರುವ, ಬೇರೆ ಯಾವ ವಾದ್ಯವೂ ಇಲ್ಲದ ಭಾಗವನ್ನು. ಆ ಭಾಗದಲ್ಲಿ ಇದ್ದ ಒಬ್ಬನೇ ಮನುಷ್ಯನಿಗೆ ಎರಡೂ ಆಸ್ತಿಯಲ್ಲಿ ಪಾಲಿಲ್ಲ. ಅವರಿಗೆ ಸಿಕ್ಕಿದ್ದು ಆ ದಿನದ ಕೂಲಿ.

ಯಾಕೆ ಹೀಗೆ? ತಾಳವನ್ನು ಕೃತಿ ಅಂತ ಯಾಕೆ ಒಪ್ಪಲಿಲ್ಲ? ಇದಕ್ಕೆ 1952ರ ಒಂದು ತೀರ್ಪು ನೋಡಬೇಕು. ನ್ಯೂಯಾರ್ಕಿನ ಫೆಡರಲ್ ಕೋರ್ಟಿನಲ್ಲಿ ಎರಡು ಹಾಡು ಒಂದೇ ಥರ ಇವೆಯೇ ಎಂಬ ಮೊಕದ್ದಮೆ ನಡೆದಿತ್ತು. ಮಟ್ಟು, ಸ್ವರಮೇಳ, ತಾಳ ಈ ಮೂರನ್ನೂ ನ್ಯಾಯಾಧೀಶರು ತೂಗಿ ನೋಡಿದರು. ತಾಳದ ಬಗ್ಗೆ ಅವರು ಹೇಳಿದ್ದರ ಸಾರ ಇಷ್ಟು: ತಾಳ ಅಂದರೆ ಬರೀ ವೇಗ, ಮಟ್ಟಿಗೆ ಹಿನ್ನೆಲೆ. ಅವು ಇರುವುದೇ ಕೆಲವು, ಅವೆಲ್ಲ ಯಾವತ್ತೋ ಮುಗಿದುಹೋಗಿವೆ. ತಾಳದಲ್ಲಿ ಹೊಸತನ ಬಹಳ ಅಪರೂಪ, ಅಸಾಧ್ಯವೇ ಇರಬಹುದು.

ತಾಳ, ಲಯ, ನಡೆ, ಗತಿ ಅಂತ ಒಂದೊಂದಕ್ಕೂ ಬೇರೆ ಬೇರೆ ಪದ ಇಟ್ಟುಕೊಂಡು ಬೆಳೆದ ನಮಗೆ ಈ ಮಾತು ಓದಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ವೇಗ ಬೇರೆ, ತಾಳ ಬೇರೆ ಅನ್ನುವುದು ಮೊದಲ ತಿಂಗಳ ಪಾಠ ಅಲ್ವಾ? ಪಶ್ಚಿಮ ಆಫ್ರಿಕಾದ ತಾಳವಾದ್ಯಗಳ ಪರಂಪರೆಯಿಂದ ಬೇರು ಪಡೆದ ಒಂದು ಇಡೀ ಜನಾಂಗದ ಸಂಗೀತವನ್ನು, ಮಟ್ಟೇ ಮುಖ್ಯ ಅಂತ ನಂಬಿದ ಯುರೋಪಿನ ಅಳತೆಗೋಲಿನಿಂದ ಅಳೆದರೆ ಇನ್ನೇನಾಗುತ್ತದೆ? ಇನ್ನೂ ಒಂದು ವಿಷಯ. ಆ ಮೊಕದ್ದಮೆಯಲ್ಲಿ ಪ್ರತಿವಾದಿ ಯಾರು ಗೊತ್ತಾ? ಕಿಂಗ್ ರೆಕಾರ್ಡ್ಸ್‌ನ ವಿತರಣಾ ಕಂಪನಿ. ಹದಿನೇಳು ವರ್ಷ ಆದ ಮೇಲೆ ಅದೇ ಕಿಂಗ್ ರೆಕಾರ್ಡ್ಸ್ ಸ್ಟುಡಿಯೋದಲ್ಲೇ ಸ್ಟಬಲ್‌ಫೀಲ್ಡ್ ಆ ಎಂಟು ಆವರ್ತ ಬಾರಿಸಿದರು.

ಸ್ಯಾಂಪಲ್ ಮಾಡುವವರ ಮೇಲೆ ಕೋರ್ಟುಗಳು ಬಿಗಿ ಮಾಡಿದ್ದು 1991ರಿಂದ. ಬಿಜ್ ಮಾರ್ಕಿ ಎಂಬ ರ‍್ಯಾಪರ್ ವಿರುದ್ಧ ಬಂದ ತೀರ್ಪು, ಕದಿಯಬೇಡ ಎಂಬ ಬೈಬಲ್ ಆಜ್ಞೆಯಿಂದಲೇ ಶುರುವಾಗುತ್ತದೆ. 2005ರಲ್ಲಿ ಇನ್ನೊಂದು ಮೇಲ್ಮನವಿ ಕೋರ್ಟು ಎರಡು ಸೆಕೆಂಡಿನ ಗಿಟಾರ್ ತುಂಡಿಗೂ ಪರವಾನಗಿ ಬೇಕು ಅಂದಿತು. 2016ರಲ್ಲಿ ಬೇರೆ ಕೋರ್ಟು ಅದಕ್ಕೆ ಉಲ್ಟಾ ಹೇಳಿತು. ಈ ಜಗಳಗಳ ಬಗ್ಗೆ ತುಂಬಾ ಬರೆದಿದ್ದಾರೆ, ನಾನು ಇಲ್ಲಿ ಎಳೆಯುವುದಿಲ್ಲ. ಒಂದೇ ಮಾತು ಗಮನಿಸಿ. ಈ ಎಲ್ಲ ಮೊಕದ್ದಮೆಗಳಲ್ಲಿ ದುಡ್ಡು ಕೇಳಿದವರು ಕೃತಿಯ ಒಡೆಯರು ಅಥವಾ ಮುದ್ರಣದ ಒಡೆಯರು. ಕಾನೂನು ಬಿಗಿಯಾದಷ್ಟೂ ಅವರ ಪೆಟ್ಟಿಗೆ ತುಂಬಿತು. ವಾದ್ಯ ನುಡಿಸಿದ ಕೈ ಮೊದಲೂ ಖಾಲಿ, ಆಮೇಲೂ ಖಾಲಿ. ಬ್ರೌನ್ ತೀರಿಕೊಂಡು ಹದಿನೈದು ವರ್ಷ ಆದ ಮೇಲೆ, 2021ರಲ್ಲಿ, ಅವರ ಆಸ್ತಿಯನ್ನು ಒಂದು ಕಂಪನಿ ಕೊಂಡುಕೊಂಡಿತು. ಹಾಡುಗಳ ಹಕ್ಕೂ ಅದರಲ್ಲಿತ್ತು. ಬೆಲೆ ಸುಮಾರು 9 ಕೋಟಿ ಡಾಲರ್ ಅಂತ ವರದಿಯಾಯಿತು.

ಸ್ಟಬಲ್‌ಫೀಲ್ಡ್ ಅವರ ಬದುಕಿನ ಕೊನೆಯ ವರ್ಷಗಳನ್ನು ಓದುವುದು ಕಷ್ಟ. 2000ದಲ್ಲಿ ಮೂತ್ರಕೋಶದ ಕ್ಯಾನ್ಸರ್. ಆರೋಗ್ಯ ವಿಮೆ ಇಲ್ಲ. ಆಮೇಲೆ ಮೂತ್ರಪಿಂಡ ಕೈಕೊಟ್ಟು ಡಯಾಲಿಸಿಸ್. ಚಿಕಿತ್ಸೆಗೆ ಅಂತ ಗೆಳೆಯರು ಸಂಗೀತ ಕಾರ್ಯಕ್ರಮ ಇಟ್ಟು ದುಡ್ಡು ಸೇರಿಸಿದರು. ಕ್ಯಾನ್ಸರ್ ಚಿಕಿತ್ಸೆಯ ಸುಮಾರು 90 ಸಾವಿರ ಡಾಲರ್ ಬಿಲ್ಲನ್ನು ಗಾಯಕ ಪ್ರಿನ್ಸ್ ಯಾರಿಗೂ ಹೇಳದೆ ಕಟ್ಟಿದ್ದರು. 2016ರಲ್ಲಿ ಪ್ರಿನ್ಸ್ ತೀರಿಕೊಂಡ ಮೇಲಷ್ಟೇ ಅದು ಹೊರಗೆ ಬಂತು. ನನಗೆ ಈ ಸಂಗತಿ ಮರೆಯಲು ಆಗುವುದಿಲ್ಲ. ಕಾನೂನು ಕೊಡದೇ ಇದ್ದದ್ದನ್ನು ಇನ್ನೊಬ್ಬ ಸಂಗೀತಗಾರ ಕೊಟ್ಟ.

ಸ್ಟಬಲ್‌ಫೀಲ್ಡ್ ಅವರೇ ಈ ಬಗ್ಗೆ ಕೇಳಿದಾಗ ಕಹಿಯಾಗಿ ಮಾತಾಡುತ್ತಿರಲಿಲ್ಲ. ತನಗೆ ಅದರಿಂದ ನಿದ್ದೆ ಕೆಟ್ಟಿಲ್ಲ, ಆದರೆ ಒಬ್ಬರ ಕೆಲಸ ಬಳಸಿಕೊಂಡು ದುಡ್ಡು ಕೊಡದಿರುವುದು ಅಗೌರವ ಅನ್ನುವ ಅರ್ಥದ ಮಾತು ಹೇಳುತ್ತಿದ್ದರು. ದುಡ್ಡಿಗಿಂತ ಹೆಸರು ಬೇಕಿತ್ತು ಅಂತಲೂ ಅಂದಿದ್ದರು. 2016ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆ ಸಾರ್ವಕಾಲಿಕ ನೂರು ಡ್ರಮ್ಮರ್‌ಗಳ ಪಟ್ಟಿಯಲ್ಲಿ ಅವರಿಗೂ ಸ್ಟಾರ್ಕ್ಸ್‌ಗೂ ಜೊತೆಯಾಗಿ ಆರನೇ ಸ್ಥಾನ ಕೊಟ್ಟಿತು. 2017ರ ಫೆಬ್ರುವರಿ 18ರಂದು ಅವರು ಮ್ಯಾಡಿಸನ್‌ನಲ್ಲಿ ತೀರಿಕೊಂಡರು, 73 ವರ್ಷಕ್ಕೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಬಂದದ್ದು ಅದಾದ ಮೇಲೆ.

ಮರುವರ್ಷವೇ ಅಮೆರಿಕದಲ್ಲಿ ಮ್ಯೂಸಿಕ್ ಮಾಡರ್ನೈಸೇಶನ್ ಆ್ಯಕ್ಟ್ ಎಂಬ ಕಾನೂನು ಬಂತು. ಇಂಟರ್‌ನೆಟ್ ರೇಡಿಯೋ ಥರದ ಸೇವೆಗಳು ಹಾಡು ಹಾಕಿದರೆ ಕೊಡುವ ಹಣದಲ್ಲಿ ಅರ್ಧ ಮುದ್ರಣದ ಒಡೆಯರಿಗೆ, ಶೇ. 45 ಮುಖ್ಯ ಕಲಾವಿದರಿಗೆ, ಶೇ. 5 ಹಿನ್ನೆಲೆ ವಾದಕರಿಗೂ ಸಹಗಾಯಕರಿಗೂ ಹೋಗಬೇಕು ಎಂಬ ನಿಯಮ ಮೊದಲೇ ಇತ್ತು. ಆದರೆ 1972ರ ಫೆಬ್ರುವರಿಗಿಂತ ಮೊದಲಿನ ಮುದ್ರಣಗಳು ಅದರ ಹೊರಗಿದ್ದವು. ಅವನ್ನೂ ಒಳಗೆ ತಂದದ್ದು ಈ 2018ರ ಕಾನೂನು. ‘ಫಂಕಿ ಡ್ರಮ್ಮರ್’ 1969ರ ಮುದ್ರಣ. ಅಂದರೆ ಆ ಸಣ್ಣ ಪಾಲಿನ ಬಾಗಿಲು ತೆರೆಯುವ ಹೊತ್ತಿಗೆ ಬಾರಿಸಿದವರು ಇರಲಿಲ್ಲ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಇದೆ. ಅದನ್ನು ಬದಿಗೆ ತಳ್ಳುವುದು ತಪ್ಪು. ತಾಳಕ್ಕೂ ಒಡೆತನ ಕೊಟ್ಟರೆ ಸಂಗೀತವೇ ನಿಂತುಹೋಗುವುದಿಲ್ಲವೇ? ಆದಿತಾಳಕ್ಕೆ ಒಬ್ಬ ಮಾಲೀಕ ಇದ್ದಿದ್ದರೆ ನಮ್ಮ ಗತಿ ಏನು? ಈ ಪ್ರಶ್ನೆ ಈಗ ನಿಜವಾಗಿಯೂ ಕೋರ್ಟಿಗೆ ಬಂದಿದೆ. ಜಮೈಕಾದ ಸ್ಟೀಲಿ ಮತ್ತು ಕ್ಲೀವಿ ಜೋಡಿ 1989ರಲ್ಲಿ ‘ಫಿಶ್ ಮಾರ್ಕೆಟ್’ ಎಂಬ ವಾದ್ಯಸಂಗೀತ ಮಾಡಿತ್ತು. ಸ್ಪ್ಯಾನಿಷ್ ಜಗತ್ತನ್ನು ಆಳುತ್ತಿರುವ ರೆಗೆಟಾನ್ ಸಂಗೀತದ ಬೆನ್ನೆಲುಬೇ ಆ ತಾಳ ಅನ್ನುವುದು ಅವರ ಕಡೆಯ ವಾದ. ಬ್ಯಾಡ್ ಬನಿ ಸೇರಿ ನೂರಕ್ಕೂ ಹೆಚ್ಚು ಕಲಾವಿದರ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಮೊಕದ್ದಮೆ ಹೂಡಿದ್ದಾರೆ. ಒಂದು ಇಡೀ ಸಂಗೀತ ಪ್ರಕಾರವನ್ನೇ ಕಟ್ಟಿಹಾಕಲು ಹೊರಟಿದ್ದಾರೆ ಅನ್ನುವುದು ಎದುರು ಪಕ್ಷದ ಮಾತು. 2024ರ ಮೇ ತಿಂಗಳಲ್ಲಿ ನ್ಯಾಯಾಧೀಶರು ಮೊಕದ್ದಮೆಯನ್ನು ಆರಂಭದಲ್ಲೇ ವಜಾ ಮಾಡಲು ಒಪ್ಪಲಿಲ್ಲ. ತಾಳದಲ್ಲಿ ಹೊಸತನ ಅಸಾಧ್ಯ ಅನ್ನುವ 1952ರ ಮಾತಿನಿಂದ ಇದು ದೂರ ಬಂದ ಹಾಗಾಯಿತು.

ನನಗೆ ಆ ಮೊಕದ್ದಮೆಯ ಬಗ್ಗೆ ಮನಸ್ಸು ಎರಡಾಗುತ್ತದೆ. ಆದರೆ ಸ್ಟಬಲ್‌ಫೀಲ್ಡ್ ವಿಷಯದಲ್ಲಿ ಎರಡಾಗುವುದಿಲ್ಲ. ಯಾಕೆಂದರೆ ಇಲ್ಲಿ ಎರಡು ಬೇರೆ ವಿಷಯ ಇವೆ. ತಾಳದ ಮಾದರಿ ಒಂದು. ಅದನ್ನು ಬಾರಿಸಿದ ಕೈಯ ಸದ್ದು ಇನ್ನೊಂದು. ಮಾದರಿ ಎಲ್ಲರಿಗೂ ಸೇರಿದ್ದಾಗಿರಲಿ. ಯಾವ ಡ್ರಮ್ಮರ್ ಬೇಕಾದರೂ ಈ ತಾಳ ಕಲಿತು, ತನ್ನ ಕೈಯಲ್ಲಿ ಬಾರಿಸಲಿ, ಬದಲಿಸಲಿ, ಬೆಳೆಸಲಿ. ಅದು ಕಲಿಕೆ. ಆದರೆ ರ‍್ಯಾಪ್ ನಿರ್ಮಾಪಕರು ತೆಗೆದುಕೊಂಡದ್ದು ಮಾದರಿಯನ್ನಲ್ಲ. ಮಾದರಿ ಸಾಕಾಗಿದ್ದರೆ ಡ್ರಮ್ ಯಂತ್ರದಲ್ಲಿ ಹದಿನಾರು ಗುಂಡಿ ಒತ್ತಿ ಅದನ್ನೇ ಹಾಕಿಕೊಳ್ಳುತ್ತಿದ್ದರು. ಅವರಿಗೆ ಬೇಕಾಗಿದ್ದು ಆ ಕೈ. ಸಿನ್ಸಿನಾಟಿಯ ಆ ಕೋಣೆಯಲ್ಲಿ, ಆ ದಿನ, ಆ ಎಡಗೈ ಸವರಿದ ರೀತಿ. ಹಾಗಿದ್ದ ಮೇಲೆ ಆ ಕೈಗೆ ಪಾಲು ಸಿಗಲೇಬೇಕು. ದಿನಗೂಲಿ ಕೊಟ್ಟಾಗಿದೆಯಲ್ಲ ಅನ್ನುವ ಉತ್ತರ ನಿಲ್ಲುವುದಿಲ್ಲ. 1969ರಲ್ಲಿ ಸ್ಯಾಂಪ್ಲರ್ ಎಂಬ ಬಳಕೆ ಯಾರ ಕಲ್ಪನೆಯಲ್ಲೂ ಇರಲಿಲ್ಲ. ಇಲ್ಲದ ಬಳಕೆಯನ್ನು ಯಾರಾದರೂ ಹೇಗೆ ಮಾರಿಕೊಂಡಾರು?

ಈಗ ಅದೇ ಪರಿಸ್ಥಿತಿ ಇನ್ನೂ ದೊಡ್ಡದಾಗಿ ಬಂದಿದೆ. ಸುನೋ, ಯುಡಿಯೋ ಥರದ ಕೃತಕ ಬುದ್ಧಿಮತ್ತೆಯ ಸೇವೆಗಳಲ್ಲಿ ಎರಡು ಸಾಲು ಬರೆದರೆ ಪೂರ್ತಿ ಹಾಡು ಬರುತ್ತದೆ. ಎಪ್ಪತ್ತರ ದಶಕದ ಫಂಕ್ ಡ್ರಮ್ ಬೇಕು ಅಂದರೆ ಅದೂ ಬರುತ್ತದೆ. 2024ರ ಜೂನ್‌ನಲ್ಲಿ ಮೂರು ದೊಡ್ಡ ಸಂಗೀತ ಕಂಪನಿಗಳು ಈ ಎರಡರ ಮೇಲೂ ಮೊಕದ್ದಮೆ ಹೂಡಿದವು. ನಮ್ಮ ಮುದ್ರಣಗಳನ್ನು ಕೇಳದೆ ಬಳಸಿ ಯಂತ್ರಕ್ಕೆ ಕಲಿಸಿದ್ದೀರಿ ಅನ್ನುವುದು ದೂರು. 2025ರ ಕೊನೆಯ ಹೊತ್ತಿಗೆ ಯೂನಿವರ್ಸಲ್ ಕಂಪನಿ ಯುಡಿಯೋ ಜೊತೆಗೂ, ವಾರ್ನರ್ ಕಂಪನಿ ಸುನೋ ಜೊತೆಗೂ ರಾಜಿ ಮಾಡಿಕೊಂಡು ಪರವಾನಗಿ ಒಪ್ಪಂದಕ್ಕೆ ಬಂದವು.

ಮೇಜಿನ ಎರಡೂ ಕಡೆ ಕೂತವರು ಯಾರು ನೋಡಿ. ಒಂದು ಕಡೆ ತಂತ್ರಜ್ಞಾನ ಕಂಪನಿ, ಇನ್ನೊಂದು ಕಡೆ ಮುದ್ರಣದ ಒಡೆಯರು. ಇದು 1991ರ ನಂತರ ನಡೆದದ್ದರ ಪಡಿಯಚ್ಚು. ಒಂದೇ ವ್ಯತ್ಯಾಸ ಇದೆ, ಅದು ಕೆಟ್ಟ ವ್ಯತ್ಯಾಸ. ಸ್ಯಾಂಪಲ್ ಆದರೆ ಕಿವಿ ಇದ್ದವರು ಗುರುತು ಹಿಡಿಯುತ್ತಿದ್ದರು, ಇದು ಕ್ಲೈಡ್ ಅವರ ಕೈ ಅಂತ ಬೆರಳು ತೋರಿಸುತ್ತಿದ್ದರು. ಯಂತ್ರ ಸಾವಿರ ಡ್ರಮ್ಮರ್‌ಗಳ ಕೈಗಳನ್ನು ಅರೆದು ಒಂದು ಸದ್ದು ಕೊಟ್ಟಾಗ ಯಾರ ಕಡೆ ಬೆರಳು ತೋರಿಸುವುದು?

ಇದು ಅಮೆರಿಕದ ಕತೆ ಅಂತ ನಾವು ಸುಮ್ನೆ ಕೂರುವ ಹಾಗಿಲ್ಲ. ನಮ್ಮ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಬಂದು ಪ್ರದರ್ಶಕರ ಹಕ್ಕು ಗಟ್ಟಿಯಾಯಿತು. ಹಾಡಿದವರಿಗೆ, ನುಡಿಸಿದವರಿಗೆ ತಮ್ಮ ಪ್ರದರ್ಶನದ ವಾಣಿಜ್ಯ ಬಳಕೆಯಲ್ಲಿ ರಾಯಲ್ಟಿ ಸಿಗಬೇಕು ಅಂತ ಸೆಕ್ಷನ್ 38ಎ ಹೇಳುತ್ತದೆ. ಓದಿದರೆ ಖುಷಿ ಆಗುತ್ತದೆ. ಆದರೆ ಪ್ರದರ್ಶಕ ಅಂದರೆ ಯಾರು ಅಂತ ವಿವರಿಸುವ ಸೆಕ್ಷನ್ 2(ಕ್ಯೂಕ್ಯೂ)ಗೆ ಅದೇ ವರ್ಷ ಇನ್ನೊಂದು ಸಾಲು ಸೇರಿಸಿದರು. ಸಿನಿಮಾದಲ್ಲಿ ಒಬ್ಬರ ಪ್ರದರ್ಶನ ಸಾಂದರ್ಭಿಕವಾಗಿದ್ದು, ಉದ್ಯಮದ ವಾಡಿಕೆಯಂತೆ ಅವರ ಹೆಸರನ್ನು ಎಲ್ಲೂ ಹಾಕದಿದ್ದರೆ, ಅವರು ಪ್ರದರ್ಶಕರೇ ಅಲ್ಲ. ತಮ್ಮ ಪ್ರದರ್ಶನವನ್ನು ವಿರೂಪ ಮಾಡಿದರೆ ಆಕ್ಷೇಪಿಸುವ ಒಂದು ಹಕ್ಕು ಬಿಟ್ಟರೆ ಬೇರೇನೂ ಅವರಿಗಿಲ್ಲ.

ಈ ಸಾಲನ್ನು ಇನ್ನೊಮ್ಮೆ ಓದಿ. ಹೆಸರು ಹಾಕುವ ವಾಡಿಕೆ ಇಲ್ಲದವರಿಗೆ ಹಕ್ಕಿಲ್ಲ. ಹೆಸರು ಹಾಕುವುದು ಬಿಡುವುದು ನಿರ್ಮಾಪಕರ ಕೈಯಲ್ಲಿ. ದಶಕಗಟ್ಟಲೆ ಮದರಾಸಿನ ಸ್ಟುಡಿಯೋಗಳಲ್ಲಿ, ಆಮೇಲೆ ಬೆಂಗಳೂರಿನಲ್ಲಿ ಕನ್ನಡ ಹಾಡುಗಳಿಗೆ ಢೋಲಕ್, ತಬಲಾ, ಡ್ರಮ್ ಬಾರಿಸಿದವರನ್ನು ನೆನೆಸಿಕೊಳ್ಳಿ. ಮನೆಯಲ್ಲಿ ಹಳೇ ಕ್ಯಾಸೆಟ್ ಇದ್ದರೆ ಕವರ್ ತಿರುಗಿಸಿ ನೋಡಿ. ಸಂಗೀತ, ಸಾಹಿತ್ಯ, ಗಾಯನ ಅಂತ ಮೂರು ಸಾಲು ಇರುತ್ತದೆ. ಪಲ್ಲವಿ ಶುರುವಾಗುವ ಮುಂಚೆ ಆ ಢೋಲಕ್ ಎತ್ತಿಕೊಡುವ ಎರಡು ಆವರ್ತ ಕೇಳಿದರೆ ಹಾಡು ಯಾವುದು ಅಂತ ನಾವು ಕಣ್ಣು ಮುಚ್ಚಿ ಹೇಳುತ್ತೇವೆ. ಬಾರಿಸಿದವರು ಯಾರು ಅಂತ ಕೇಳಿದರೆ ಎಷ್ಟು ಜನಕ್ಕೆ ಗೊತ್ತಿದೆ?

2025ರ ಡಿಸೆಂಬರ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯದ ಅಡಿಯ ಇಲಾಖೆಯೊಂದು ಕೃತಕ ಬುದ್ಧಿಮತ್ತೆ ಮತ್ತು ಕಾಪಿರೈಟ್ ಬಗ್ಗೆ ಕರಡು ವರದಿ ಹೊರಗೆ ತಂದು ಜನರ ಅಭಿಪ್ರಾಯ ಕೇಳಿತು. ಕೃತಿಗಳನ್ನು ಯಂತ್ರಕ್ಕೆ ಕಲಿಸಲು ಬಳಸುವುದಕ್ಕೆ ತಡೆ ಬೇಡ, ಆದರೆ ಕಂಪನಿಗಳು ಕಡ್ಡಾಯವಾಗಿ ರಾಯಲ್ಟಿ ಕಟ್ಟಲಿ, ಅದನ್ನು ಒಂದು ಕೇಂದ್ರ ಸಂಸ್ಥೆ ಸಂಗ್ರಹಿಸಿ ಹಕ್ಕುದಾರರಿಗೆ ಹಂಚಲಿ ಅನ್ನುವುದು ಅದರ ಸಲಹೆ. ಯೋಚನೆ ಒಳ್ಳೆಯದೇ. ಆದರೆ ಹಂಚಬೇಕಾದರೆ ಪಟ್ಟಿ ಬೇಕು. ಪಟ್ಟಿಯಲ್ಲಿ ಇರುವವರು ಹಕ್ಕುದಾರರು ಮಾತ್ರ. ಸಿನಿಮಾ ಹಾಡಿನ ಢೋಲಕ್‌ನವರು ಆ ಪಟ್ಟಿಗೆ ಬರಬೇಕಾದರೆ ಎರಡು ಕೆಲಸ ಆಗಬೇಕು. ಇನ್ನು ಮುಂದೆ ಪ್ರತಿ ರೆಕಾರ್ಡಿಂಗ್ ದಿನ ಯಾರು ಏನು ನುಡಿಸಿದರು ಅಂತ ಒಂದು ಹಾಳೆಯಲ್ಲಿ ಬರೆದು, ಹಾಡಿನ ಫೈಲಿನ ಜೊತೆಗೇ ಅಂಟಿಸಿ ಕಳಿಸುವುದನ್ನು ಕಡ್ಡಾಯ ಮಾಡಬೇಕು. ಮತ್ತೆ, 2(ಕ್ಯೂಕ್ಯೂ)ಗೆ ಸೇರಿಸಿದ ಆ ಸಾಲನ್ನು ತೆಗೆಯಬೇಕು, ರಾಯಲ್ಟಿ ಹಂಚುವ ಸಂಸ್ಥೆ ತನ್ನ ಮೊದಲ ಪಟ್ಟಿ ಬರೆಯುವ ಮುಂಚೆ.